“ನಾ ನಾಚಿಕಿ ಅದೀನಲ್ಲ” ಅಂತಾಳ್ರೀ ಮಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಮನಿಗೆ ಯಾರಾದ್ರೂ ಬಂದ್ರ ನನ್ನ ಸೆರಗು ಹಿಡಕೊಂಡು ಹಿಂದ ನಿಂದರ್ತಾಳ. ಅತ್ತಿ, ನಾದಿನಿ ಎಲ್ಲಾರೂ “ಇಕಿ ಭಾಳ ನಾಚಿಕಿ ಹುಡುಗಿ” ಅಂತಾರ. ಈಗ “ಯಾಕ ಮಾತಾಡವಲ್ಲಿ?” ಅಂತ ಕೇಳಿದ್ರ “ನಾ ನಾಚಿಕಿ ಅದೀನಲ್ಲ” ಅಂತ ತಾನ ಹೇಳ್ತಾಳ. ಹುಟ್ಟುಗುಣ ಅಂತ ಬಿಡೂದೋ, ತಿದ್ದೂದೋ?
— ಗೃಹಿಣಿ, ಹಳೇ ಹುಬ್ಬಳ್ಳಿ

ಉತ್ತರ: ಎರಡೂ ಬೇಡ. ಸ್ವಭಾವದಲ್ಲಿ ಹುಟ್ಟಿನಿಂದ ಬಂದ ಪಾಲು ಇರುವುದು ನಿಜ. 1956ರಲ್ಲಿ ನ್ಯೂಯಾರ್ಕಿನಲ್ಲಿ ಮನೋವೈದ್ಯರಾದ ಥಾಮಸ್ ಮತ್ತು ಚೆಸ್ ದಂಪತಿ ಆರಂಭಿಸಿದ ದೀರ್ಘ ಅಧ್ಯಯನದಲ್ಲಿ ಸುಮಾರು 15% ಮಕ್ಕಳು ಹೊಸ ಜನ, ಹೊಸ ಜಾಗಕ್ಕೆ ನಿಧಾನವಾಗಿ ಹೊಂದಿಕೊಳ್ಳುವವರು. ನಿಧಾನವಾದರೂ ಹೊಂದಿಕೊಳ್ಳುತ್ತಾರೆ, ಅದನ್ನು ಮರೆಯಬೇಡಿ. ನಿಮ್ಮ ಮನೆಯಲ್ಲಿ ಆಗಿರುವುದು ಇಷ್ಟು: ಅರ್ಧ ತಾಸಿನ ಸಂಕೋಚಕ್ಕೆ ದೊಡ್ಡವರು ಹೆಸರಿಟ್ಟರು, ಮಗು ಆ ಹೆಸರನ್ನೇ ಕಾರಣವಾಗಿ ಹಿಡಿದುಕೊಂಡಿತು. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲೇ ಇದರ ಮೂರು ಹಂತ ಬಿಡಿಸಿಟ್ಟಿದ್ದಾರೆ. ಇವರ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆ ಎಂಬ ಊಹೆ ಮೊದಲು, ಅದನ್ನು ಕಂಡು ಇವರು ಏನಂದುಕೊಳ್ಳುತ್ತಾರೆ ಎಂಬ ಊಹೆ ಆಮೇಲೆ, ಅದರಿಂದ ತನ್ನ ಬಗ್ಗೆ ಹೆಮ್ಮೆಯೋ ಅವಮಾನವೋ ಕೊನೆಗೆ. ನಿಮ್ಮ ಮಗಳಿಗೆ ಊಹಿಸುವ ಕಷ್ಟವೂ ಇಲ್ಲ, ಎಲ್ಲರೂ ಬಾಯಿಬಿಟ್ಟೇ ಹೇಳುತ್ತಿದ್ದಾರೆ.

ಮೊದಲು ಅವಳ ಕಿವಿಗೆ ಬೀಳುವ ಮಾತು ಬದಲಾಗಲಿ. ನಾದಿನಿ ಅಂದಾಗ ಜಗಳ ಬೇಡ, ಮಗಳಿಗೆ ಕೇಳುವ ಹಾಗೆ “ಇಕಿಗೆ ಸ್ವಲ್ಪ ಹೊತ್ತು ಬೇಕ್ರೀ, ಆಮ್ಯಾಲೆ ತಾನ ಬರ್ತಾಳ” ಅನ್ನಿ. ಅತ್ತೆಯವರಿಗೆ ಇದನ್ನು ಮೊದಲೇ, ಮಗು ಇಲ್ಲದಾಗ ಹೇಳಿಡಿ. ಬಂದವರ ಮುಂದೆ ತಿದ್ದಿದರೆ ಅವರಿಗೆ ಸಿಟ್ಟು ಬಂದು ಮಾತು ಮಗುವಿನ ಮೇಲೇ ತಿರುಗುತ್ತದೆ.

ಬಾಗಿಲಲ್ಲೇ “ನಮಸ್ಕಾರ ಮಾಡು, ಹೆಸರು ಹೇಳು” ಎನ್ನಬೇಡಿ. ಹದಿನೈದು ಇಪ್ಪತ್ತು ನಿಮಿಷ ನಿಮ್ಮ ಪಕ್ಕದಲ್ಲೇ ಇರಲಿ. ನಂತರ ಮಾತು ಬೇಡದ ಒಂದು ಕೆಲಸ ಕೊಡಿ: ನೀರು ನೀವು ತನ್ನಿ, ಬೆಲ್ಲದ ವಾಟಿ ಅವಳು ಹಿಡಿದು ಬರಲಿ. ಯಾರಾದರೂ ಪ್ರಶ್ನೆ ಕೇಳಿದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಮ್ಮಲ್ಲಿ ತಾಯಂದಿರು ಎರಡು ಎಣಿಸುವುದರೊಳಗೆ ಮಗುವಿನ ಪರವಾಗಿ ಉತ್ತರ ಕೊಟ್ಟಿರುತ್ತಾರೆ, ಮಾತಾಡದಿರುವುದೇ ತನ್ನ ಪಾಲು ಎಂದು ಮಗು ಕಲಿಯುವುದು ಅಲ್ಲಿಯೇ. ಬಂದವರು ಹೋದ ಮೇಲೆ ಕಂಡದ್ದನ್ನಷ್ಟೇ ಹೇಳಿ: “ಕಾಕೂಗ ಬೆಲ್ಲ ಕೊಟ್ಟಿ, ಅವರು ನಕ್ಕರು.” ಹುರುಪಿನಲ್ಲಿ “ನನ್ನ ಮಗಳು ಭಾಳ ಧೈರ್ಯವಂತಿ” ಎಂದುಬಿಟ್ಟರೆ ಅದೂ ಒಂದು ಹಣೆಪಟ್ಟಿಯೇ. ಮುಂದಿನ ಸಲ ಹಿಂಜರಿದಾಗ ಅದನ್ನು ಕಳೆದುಕೊಂಡ ಭಯ ಬೇರೆ.

ಮನೆಯಲ್ಲಿ ಪಟಪಟ ಮಾತಾಡುವ ಮಗು ಶಾಲೆಯಲ್ಲಿ ಮಾತ್ರ ಒಂದು ತಿಂಗಳಿಗಿಂತ ಹೆಚ್ಚು ಕಾಲ ಪೂರ್ತಿ ಮೌನವಾಗಿದ್ದರೆ (ಶಾಲೆ ಸೇರಿದ ಮೊದಲ ತಿಂಗಳು ಲೆಕ್ಕಕ್ಕಿಲ್ಲ) ಅದನ್ನು ನಾಚಿಕೆ ಎಂದು ಕೈಬಿಡಬೇಡಿ. ಕಿವಿ ಪರೀಕ್ಷೆ ಮಾಡಿಸಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿ.

ಪ್ರಶ್ನೆ: ಮಗ 20 ತಿಂಗಳವನು. ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಮಕ್ಕಳಿಗೆ ಯಾವಾಗ ತಿಳಿಯುತ್ತದೆ? ಮನೆಯಲ್ಲಿ ಪರೀಕ್ಷಿಸಬಹುದೇ?
— ತಂದೆ, ಗದಗ

ಉತ್ತರ: ಬಹಳಷ್ಟು ಮಕ್ಕಳಿಗೆ 18ರಿಂದ 24 ತಿಂಗಳ ನಡುವೆ. ಮೂಗು ಒರೆಸುವ ನೆಪದಲ್ಲಿ ಮೂಗಿನ ಮೇಲೆ ಕುಂಕುಮದ ಸಣ್ಣ ಚುಕ್ಕೆ ಇಡಿ, ಎರಡು ನಿಮಿಷ ಬಿಟ್ಟು ಕನ್ನಡಿ ಮುಂದೆ ನಿಲ್ಲಿಸಿ. ಕೈ ಕನ್ನಡಿಗೆ ಹೋಯಿತೋ, ತನ್ನ ಮೂಗಿಗೋ ನೋಡಿ. ಮೂಗಿಗೆ ಹೋದರೆ ಕನ್ನಡಿಯಲ್ಲಿರುವುದು ತಾನೇ ಎಂದು ತಿಳಿದಿದೆ. 1972ರಲ್ಲಿ ಬ್ಯೂಲಾ ಆಮ್ಸ್ಟರ್ಡ್ಯಾಮ್ ಎಂಬ ಸಂಶೋಧಕಿ ಮಾಡಿದ್ದೂ ಇದನ್ನೇ. ಕೆನ್ನೆ, ಹಣೆ ಬೇಡ: ದೃಷ್ಟಿಬೊಟ್ಟು ಇಟ್ಟು ಇಟ್ಟು ನಮ್ಮ ಮಕ್ಕಳಿಗೆ ಅಲ್ಲಿನ ಚುಕ್ಕೆ ಹೊಸದೇ ಅಲ್ಲ. ಮುಟ್ಟದಿದ್ದರೆ ಗಾಬರಿಯಾಗಬೇಡಿ. ಕ್ಯಾಮರೂನಿನ ಎನ್ಸೊ ಸಮುದಾಯದಲ್ಲಿ, ಸದಾ ಮೈಗೆ ಅಂಟಿಕೊಂಡೇ ಬೆಳೆಯುವ ಮಕ್ಕಳು ಈ ಪರೀಕ್ಷೆಯಲ್ಲಿ ಹಿಂದೆ ಬಿದ್ದರು, ಆದರೆ ದೊಡ್ಡವರು ಹೇಳಿದ್ದನ್ನು ಕೇಳಿ ಮಾಡುವುದರಲ್ಲಿ ಮುಂದಿದ್ದರು. ಬೆಳೆಸುವ ರೀತಿಗೆ ತಕ್ಕಂತೆ ‘ನಾನು’ ಬೇರೆ ಬೇರೆ ಕಡೆಯಿಂದ ಮೊದಲು ಮೂಡುತ್ತದೆ. ಬುದ್ಧಿಯ ಅಳತೆ ಇದಲ್ಲ.

ಪ್ರಶ್ನೆ: ಐದನೇ ಇಯತ್ತೆಯಲ್ಲಿ ಎಲ್ಲರೂ ‘ಶಾಣ್ಯಾ’ ಎನ್ನುತ್ತಿದ್ದ ಹುಡುಗ ಭಿನ್ನರಾಶಿ ಶುರುವಾದ ಮೇಲೆ ಕೈ ಎತ್ತುವುದನ್ನೇ ಬಿಟ್ಟಿದ್ದಾನೆ. ಹಿಂದೆ ಕೂರುವ ಮೂವರನ್ನು ಮಕ್ಕಳೇ ‘ದಡ್ಡರು’ ಎಂದು ಕರೆಯುತ್ತಾರೆ. ಏನು ಮಾಡಲಿ?
— ಶಿಕ್ಷಕಿ, ಬ್ಯಾಡಗಿ ತಾಲೂಕು

ಉತ್ತರ: ಎರಡಕ್ಕೂ ಬೇರು ಒಂದೇ. ಶಾಣ್ಯಾ ಎನಿಸಿಕೊಂಡವನಿಗೆ ಒಂದು ತಪ್ಪು ಉತ್ತರ ಸಾಕು, ಹೆಸರೇ ಹೋಗುತ್ತದೆ. ಅದಕ್ಕೆ ಕೈ ಎತ್ತುವುದಿಲ್ಲ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮುಲ್ಲರ್ ಮತ್ತು ಡ್ವೆಕ್ ಐದನೇ ತರಗತಿಯ ಮಕ್ಕಳಲ್ಲೇ ಇದನ್ನು ಕಂಡರು: ಬುದ್ಧಿವಂತ ಎಂದು ಹೊಗಳಿಸಿಕೊಂಡವರು ಮುಂದೆ ಸುಲಭದ್ದನ್ನೇ ಆರಿಸಿಕೊಂಡರು, ತಮ್ಮ ಅಂಕ ಹೆಚ್ಚಿಸಿ ಹೇಳಿದವರೂ ಅವರಲ್ಲೇ ಹೆಚ್ಚು. ಹೊಗಳಿಕೆ ಬದಲಿಸಿದೊಡನೆ ಪವಾಡವಾಗುತ್ತದೆ ಎನ್ನುವವರನ್ನು ಮಾತ್ರ ನಂಬಬೇಡಿ.

ಹೊಗಳುವಾಗ ಮಾಡಿದ ಕೆಲಸವನ್ನು ಹೆಸರಿಸಿ: “ಛೇದ ಒಂದೇ ಮಾಡಿಕೊಂಡು ಕೂಡಿಸಿದಿ, ಅದಕ್ಕೆ ಸರಿ ಬಂತು.” ಉತ್ತರ ತಪ್ಪಾದಾಗ “ಇರಲಿ, ಪ್ರಯತ್ನ ಮಾಡಿದಿ” ಎನ್ನುವುದು ಮಕ್ಕಳ ಕಿವಿಗೆ ಕನಿಕರದಂತೆ ಕೇಳುತ್ತದೆ. ಯಾವ ಹೆಜ್ಜೆಯಲ್ಲಿ ತಪ್ಪಿತು ಎಂದು ತೋರಿಸಿ, ಅದನ್ನಷ್ಟೇ ಮತ್ತೆ ಮಾಡಿಸಿ.

ಹಿಂದಿನ ಮೂವರಿಗೆ ಉಪದೇಶದಿಂದ ಏನೂ ಆಗದು, ಪಾತ್ರ ಬೇಕು. ಹಾಜರಿ, ಹಲಗೆಯ ಮೇಲಿನ ದಿನಾಂಕ, ಪುಸ್ತಕ ಹಂಚಿಕೆ, ಖೋ-ಖೋ ತಂಡದ ನಾಯಕತ್ವ ಎರಡು ವಾರಕ್ಕೊಮ್ಮೆ ಸರದಿಯಂತೆ ಎಲ್ಲರಿಗೂ ಬರಲಿ. ಕಸಗುಡಿಸುವುದು, ನೀರು ತುಂಬುವುದು ಆ ಮೂವರಿಗೇ ಬೀಳದಂತೆ ನೋಡಿಕೊಳ್ಳಿ, ಅರಿವಿಲ್ಲದೆ ಆಗುವ ತಪ್ಪು ಅದು. ಖೋ-ಖೋ ಹೆಸರು ಸುಮ್ಮನೆ ತೆಗೆಯಲಿಲ್ಲ. ಐದು ವರ್ಷದ ಮಗು ಟೀಚರ್ ಆಟದಲ್ಲಿ ಒಬ್ಬರ ಪಾತ್ರವನ್ನಷ್ಟೇ ಹಾಕುತ್ತದೆ (ಗೊಂಬೆಯನ್ನು ಬೈಯುವ ಮಾತು ಕೇಳಿ, ಅದು ನಿಮ್ಮದೇ). ಖೋ-ಖೋದಲ್ಲಿ ಕೂತ ಎಂಟು ಜನರಲ್ಲಿ ಯಾರು ಯಾವ ಕಡೆ ಮುಖ ಮಾಡಿದ್ದಾರೆ, ಬೆನ್ನಟ್ಟುವವನು ಯಾರಿಗೆ ಖೋ ಕೊಟ್ಟಾನು ಎಂಬುದೆಲ್ಲ ತಲೆಯಲ್ಲಿರಬೇಕು. ಎಲ್ಲರ ಕಣ್ಣಿಂದ ತನ್ನನ್ನು ನೋಡಿಕೊಳ್ಳುವುದು ಇಂಥ ಆಟಗಳಲ್ಲಿ ಕುದುರುತ್ತದೆ ಎಂದವರು ಅಮೆರಿಕದ ಚಿಂತಕ ಜಾರ್ಜ್ ಹರ್ಬರ್ಟ್ ಮೀಡ್. ಅವರ ಉದಾಹರಣೆ ಬೇಸ್‌ಬಾಲ್. ಪಾತ್ರ ಸಿಕ್ಕರೆ ಹೆಸರೂ ಬದಲಾಗುತ್ತದೆ: ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಗಾಯಕ, ತಬಲಾ ವಾದಕ ಎಂದು ಬೆಳೆದದ್ದನ್ನು ಈ ಭಾಗದವರಿಗೆ ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಕಲಘಟಗಿ ಕಡೆಯ ಹಳ್ಳಿಯವನು, 15 ವರ್ಷ, ಧಾರವಾಡದಲ್ಲಿ ಹಾಸ್ಟೆಲ್. ಇಲ್ಲಿ ಒಂಥರಾ ಮಾತಾಡ್ತೀನಿ, ಊರಾಗ ಒಂಥರಾ. ಎಲ್ಲಾರೂ ನನ್ನೇ ನೋಡಿ ನಗ್ತಾರ ಅನಸ್ತದ. ಖರೇ ನಾನು ಯಾವಾಂವ?

ಉತ್ತರ: ತಮ್ಮಾ, ಇಬ್ಬರೂ ನೀನೇ. ನಮ್ಮನ್ನು ಬಲ್ಲವರು ಎಷ್ಟು ಜನವೋ ಅಷ್ಟು ‘ನಾನು’ ನಮಗಿರುತ್ತವೆ ಎಂದು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದಾರೆ. ಎಲ್ಲರ ಕಣ್ಣೂ ತನ್ನ ಮೇಲೇ ಎಂಬ ಭಾವನೆ ನಿನ್ನ ವಯಸ್ಸಿನದು, ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ ಅದನ್ನು ಕಾಲ್ಪನಿಕ ಪ್ರೇಕ್ಷಕರು ಎಂದರು. ನಿನ್ನ ಕೋಣೆಯ ಹುಡುಗರೂ ತಮ್ಮ ತಮ್ಮ ಪ್ರೇಕ್ಷಕರನ್ನು ಎಣಿಸುತ್ತ ಕೂತಿರುತ್ತಾರೆ.

ಒಂದು ಹಾಳೆಯಲ್ಲಿ ಊರು, ಹಾಸ್ಟೆಲ್ ಎಂದು ಎರಡು ಕಾಲಮ್ ಹಾಕು. ಯಾರ ಜೊತೆ ಹೇಗೆ ಮಾತಾಡಿದಿ, ಯಾವುದಕ್ಕೆ ಸಿಟ್ಟು ಬಂತು, ಯಾವುದಕ್ಕೆ ನಗು ಬಂತು ಎಂದು ಒಂದು ವಾರ ಬರೆ. ಮಾತಿನ ಧಾಟಿ ಬೇರೆ ಇದ್ದರೆ ಚಿಂತೆಯಿಲ್ಲ, ಎರಡೂ ಕಡೆ ಏನೇನು ಒಂದೇ ಇದೆ ಎಂದು ಗುರುತು ಹಾಕು. ಅವ್ವ ಅಪ್ಪ ಹಾಸ್ಟೆಲ್ಲಿಗೆ ಬಂದಾಗ ಗೇಟಿನಿಂದಲೇ ಕಳಿಸಿಬಿಡಬೇಕು ಅನ್ನಿಸಿದರೆ ಮಾತ್ರ ಯಾರೊಡನಾದರೂ ಮಾತಾಡು: ವಾರ್ಡನ್, ಮೆಚ್ಚಿನ ಸರ್, ಯಾರಾದರೂ ಸರಿ. ಊಟ, ನಿದ್ದೆ ಎರಡು ವಾರದಿಂದ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡು. ದುಡ್ಡು ಹತ್ತುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.