ಕಿವಿಯ ಅಂದಾಜು, ಪುಲ್ಲಿಯ ಗುರುತು: ಹಳೆಯ ಬೀಟಲ್ ಎಂಜಿನ್ನಿನ ಟೈಮಿಂಗ್ ಕುರಿತ ಪ್ರಶ್ನೋತ್ತರ

ಪ್ರಶ್ನೆ: ನನ್ನಲ್ಲಿ 1600 ಸಿಸಿಯ, ಗಾಳಿಯಿಂದ ತಣಿಯುವ ಎಂಜಿನ್ನಿನ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿದೆ. ಟೈಮಿಂಗ್ (ಪ್ಲಗ್ಗಿನಲ್ಲಿ ಕಿಡಿ ಹಾರುವ ಗಳಿಗೆ) ಸರಿಪಡಿಸಲು ಗ್ಯಾರೇಜಿಗೆ ಕೊಟ್ಟಾಗ ಮೆಕ್ಯಾನಿಕ್, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿ, ಎಂಜಿನ್ನಿನ ಸದ್ದು ಹಿತವಾಗಿ ಕೇಳುವವರೆಗೆ ಅದನ್ನು ತಿರುಗಿಸಿ ಬಿಗಿ ಮಾಡಿದರು. ಶಿವಮೊಗ್ಗದ ಕಡೆಯ ಸಮತಟ್ಟಾದ ರಸ್ತೆಯಲ್ಲಿ ಕಾರು ಚೆನ್ನಾಗಿಯೇ ಓಡುತ್ತದೆ. ಆದರೆ ಉಡುಪಿಯಿಂದ ಮರಳುವಾಗ ಸೋಮೇಶ್ವರದಿಂದ ಆಗುಂಬೆ ಘಾಟಿಯ ಐದಾರು ತಿರುವು ಹತ್ತುವಷ್ಟರಲ್ಲಿ ಎಳೆಯುವ ಶಕ್ತಿ ಕುಗ್ಗುತ್ತದೆ, ಮೇಲೆ ಬಂದು ನಿಲ್ಲಿಸಿದರೆ ಆಯಿಲ್ ದೀಪ ಮಿನುಗುತ್ತದೆ. ಸ್ನೇಹಿತರೊಬ್ಬರು ಪ್ರತಿ ಕಿಡಿಗೂ ಮಿಂಚುವ ಟೈಮಿಂಗ್ ಲೈಟ್ ಹಿಡಿದು ನೋಡಿದಾಗ ಕ್ರ್ಯಾಂಕಿನ ತುದಿಯ ಪುಲ್ಲಿಯ ಗುರುತು ಒಂದೆಡೆ ನಿಲ್ಲದೆ ಕುಣಿಯುತ್ತಿತ್ತು. ಡಿಸ್ಟ್ರಿಬ್ಯೂಟರಿಗೆ ಎಂಜಿನ್ನಿನ ಹೀರುವಿಕೆಯಿಂದ ಟೈಮಿಂಗ್ ಬದಲಿಸುವ ವ್ಯಾಕ್ಯೂಮ್ ಡಬ್ಬಿ ಇಲ್ಲ. ಟೈಮಿಂಗ್ ಕರಾರುವಾಕ್ಕಾಗಿ ಇಡುವುದು ಹೇಗೆ?
– ತೀರ್ಥಹಳ್ಳಿಯ ಓದುಗರು

ಉತ್ತರ: ನಿಮ್ಮ ಮೆಕ್ಯಾನಿಕ್ ಮಾಡಿದ್ದು ನಮ್ಮ ಕಡೆ ದಶಕಗಳಿಂದ ನಡೆದುಬಂದ ಪದ್ಧತಿಯೇ. ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ಅದು ಎಷ್ಟೋ ಸಲ ನಡೆದುಹೋಗುತ್ತದೆ, ಬೀಟಲ್‌ನಲ್ಲಿ ನಡೆಯುವುದಿಲ್ಲ. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮೆಲ್ಲಗೆ ಓಡುವಾಗ, ಕಿಡಿಯನ್ನು ಮುಂಚಿತಗೊಳಿಸಿದಷ್ಟೂ ಎಂಜಿನ್ ಚುರುಕಾಗುವುದರಿಂದ ಕಿವಿ ಯಾವಾಗಲೂ ಅಡ್ವಾನ್ಸ್ (ಕಿಡಿ ಬೇಗ ಹಾರುವ) ಕಡೆಗೇ ವಾಲುತ್ತದೆ. ಐಡಲ್‌ನಲ್ಲಿ, ಪಿಸ್ಟನ್ ತುತ್ತತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ 18 ಡಿಗ್ರಿ ತಿರುಗಬೇಕಿರುವಾಗಲೇ ಕಿಡಿ ಹಾರಿದರೂ ಸದ್ದು ಹಿತವಾಗಿಯೇ ಇರುತ್ತದೆ. ಆದರೆ ವೇಗ ಏರಿದಾಗ ಡಿಸ್ಟ್ರಿಬ್ಯೂಟರಿನೊಳಗಿನ ತೂಕದ ಬಿಲ್ಲೆಗಳು ಹೊರಕ್ಕೆ ಸರಿದು ಸುಮಾರು 20 ಡಿಗ್ರಿಯನ್ನು ತಾವಾಗಿ ಸೇರಿಸುತ್ತವೆ. ಆಗ ಒಟ್ಟು ಅಡ್ವಾನ್ಸ್ 38ರ ಸುತ್ತ ಹೋಗುತ್ತದೆ, ಈ ಎಂಜಿನ್ನಿಗೆ ಬೇಕಾದದ್ದು 28ರಿಂದ 32 ಮಾತ್ರ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಹೆಚ್ಚಿ ಹೆಡ್‌ಗಳು ಕಾಯುತ್ತವೆ, ನಾಕಿಂಗ್ (ಇಂಧನ ಒಮ್ಮೆಲೇ ಸಿಡಿದು ಬಡಿಯುವುದು) ಶುರುವಾಗುತ್ತದೆ. ಬೇರೆ ಕಾರಿನಲ್ಲಾದರೆ ಆ ಕಿಟಿಕಿಟಿ ಸದ್ದು ಕೇಳಿ ನೀವು ಕಾಲು ತೆಗೆಯುತ್ತೀರಿ. ಇಲ್ಲಿ ಹಿಂದೆ ಫ್ಯಾನಿನ ಭೋರ್ಗರೆತ, ವಾಲ್ವುಗಳ ಸದ್ದು, ಇವುಗಳ ನಡುವೆ ನಾಕಿಂಗ್ ಕೇಳಿಸುವುದೇ ಇಲ್ಲ.

ನಾನೂ ಹೀಗೆ ಕಿವಿಯನ್ನು ನಂಬಿ ಕೆಟ್ಟವನೇ. ತುಂಬ ವರ್ಷಗಳ ಹಿಂದೆ ತೀರ್ಥಹಳ್ಳಿಯಿಂದ ಬರುವಾಗ ಮಂಡಗದ್ದೆಯ ಹತ್ತಿರ ಕಾರು ಮೂರೇ ಸಿಲಿಂಡರಿನಲ್ಲಿ ಕುಂಟತೊಡಗಿತು. ಬಿಚ್ಚಿ ನೋಡಿದರೆ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸುಟ್ಟಿತ್ತು. 1970ರವರೆಗಿನ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಗೂಡಿನೊಳಗೆ, ಆ ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲೇ ನಿಂತಿರುತ್ತದೆ, ಹೀಗಾಗಿ ಮೊದಲು ಬೇಯುವುದು ಅದೇ.

ಟೈಮಿಂಗ್ ಮುಟ್ಟುವ ಮೊದಲು ಗುರುತು ಏಕೆ ಕುಣಿಯುತ್ತಿದೆ ಎಂಬುದನ್ನು ಪತ್ತೆ ಮಾಡಬೇಕು. ಅಲುಗಾಡುವ ಮುಳ್ಳಿನ ತಕ್ಕಡಿಯಲ್ಲಿ ಅಡಿಕೆ ತೂಗಿದರೆ ಲೆಕ್ಕ ಸರಿಬರುವುದಿಲ್ಲವಷ್ಟೆ. ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಳಗೆ ತಿರುಗುವ ರೋಟರನ್ನು ಬೆರಳಿನಿಂದ ಗಡಿಯಾರದ ದಿಕ್ಕಿಗೆ ತಿರುಚಿ ಬಿಡಿ, ಅದು ಚಟ್ಟನೆ ಹಿಂದಕ್ಕೆ ಬರಬೇಕು. ಸೋಮಾರಿಯಂತೆ ಬಂದರೆ ಅಥವಾ ಅರ್ಧಕ್ಕೇ ನಿಂತರೆ ಒಳಗಿನ ತೂಕಗಳು ಹಳೆಯ ಗ್ರೀಸಿನಲ್ಲಿ ಅಂಟಿಕೊಂಡಿವೆ ಎಂದರ್ಥ. ಬಿಚ್ಚಿ ತೊಳೆದು, ರೋಟರಿನ ಕೆಳಗಿರುವ ಫೆಲ್ಟ್ ತುಂಡಿಗೆ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟರೆ ಹೆಚ್ಚಿನವು ಸರಿಹೋಗುತ್ತವೆ. ಬಳಿಕ ಶಾಫ್ಟ್ ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿ. ಕೈಗೆ ತಿಳಿಯುವಷ್ಟು ಆಟವಿದ್ದರೆ ಶಾಫ್ಟನ್ನು ಹಿಡಿದಿಡುವ ಬುಶ್ ಸವೆದಿದೆ. ಆಗ ಪಾಯಿಂಟ್ (ತೆರೆದಾಗ ಕಿಡಿ ಹಾರಿಸುವ ಸ್ವಿಚ್ಚು) ತೆರೆಯುವ ಗಳಿಗೆ ಪ್ರತಿ ಸುತ್ತಿನಲ್ಲೂ ಬದಲಾಗುತ್ತಿರುತ್ತದೆ, ಎಷ್ಟೇ ಒಳ್ಳೆಯ ಟೈಮಿಂಗ್ ಲೈಟ್ ತಂದರೂ ಪ್ರಯೋಜನವಿಲ್ಲ. ಲೇತ್ ಕೆಲಸ ಬಲ್ಲವರಿಂದ ಬುಶ್ ಹಾಕಿಸಬೇಕು, ಇಲ್ಲವೇ ಡಿಸ್ಟ್ರಿಬ್ಯೂಟರನ್ನೇ ಬದಲಿಸಬೇಕು. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿನ ಒಂದು ಡಿಗ್ರಿಯ ತಪ್ಪು ಪುಲ್ಲಿಯಲ್ಲಿ ಎರಡು ಡಿಗ್ರಿಯಾಗುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನು ಪಾಯಿಂಟಿನ ಅಂತರ. ಅದು 0.4 ಮಿ.ಮೀ. ಇರಬೇಕು, ಮತ್ತು ಟೈಮಿಂಗಿಗಿಂತ ಮೊದಲೇ ಇಡಬೇಕು, ಏಕೆಂದರೆ ಅಂತರ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡು ಸವೆದಂತೆಲ್ಲ ಅಂತರ ಕಿರಿದಾಗಿ ಕಿಡಿ ತಡವಾಗುತ್ತ ಹೋಗುತ್ತದೆ. ಹಳೆಯ ಪಾಯಿಂಟುಗಳಲ್ಲಿ ಒಂದು ಮುಖಕ್ಕೆ ಗುಳಿ ಬಿದ್ದು ಇನ್ನೊಂದರ ಮೇಲೆ ಮೊಳೆಯಂಥ ಉಬ್ಬು ಎದ್ದಿರುತ್ತದೆ. ಫೀಲರ್ ಗೇಜ್ ಆ ಉಬ್ಬಿನ ತುದಿಯನ್ನಷ್ಟೇ ಮುಟ್ಟಿ ಸುಳ್ಳು ಅಳತೆ ಕೊಡುತ್ತದೆ. ಆದ್ದರಿಂದ ಹೊಸ ಪಾಯಿಂಟ್ ಹಾಕಿ, ಸಾಧ್ಯವಾದರೆ ಪಾಯಿಂಟ್ ಮುಚ್ಚಿರುವ ಕೋನ ಅಳೆಯುವ ಡ್ವೆಲ್ ಮೀಟರಿನಲ್ಲಿ 44ರಿಂದ 50 ಡಿಗ್ರಿಯೊಳಗೆ ಇದೆಯೇ ನೋಡಿ. ತಣ್ಣಗಿರುವಾಗ ವಾಲ್ವ್ ಕ್ಲಿಯರೆನ್ಸ್ 0.15 ಮಿ.ಮೀ. ಇದೆ ಎಂದೂ ಖಚಿತಪಡಿಸಿಕೊಳ್ಳಿ.

ಮುಂದಿನದು ಪುಲ್ಲಿಯ ಗುರುತು. ಇಷ್ಟು ವರ್ಷಗಳಲ್ಲಿ ನಿಮ್ಮ ಕಾರಿನ ಪುಲ್ಲಿ ಬದಲಾಗಿರಲೂಬಹುದು, ಬೇರೆ ಬೇರೆ ವರ್ಷದ ಪುಲ್ಲಿಗಳಲ್ಲಿ ಕಚ್ಚುಗಳು ಬೇರೆ ಬೇರೆ ಡಿಗ್ರಿಯನ್ನು ಸೂಚಿಸುತ್ತವೆ. ಹೀಗಾಗಿ ಪಿಸ್ಟನ್ ತುತ್ತತುದಿಗೆ ಬರುವ ಜಾಗವನ್ನು ನೀವೇ ಹುಡುಕಿಕೊಳ್ಳುವುದು ಕ್ಷೇಮ. ನಾಲ್ಕೂ ಪ್ಲಗ್ ಬಿಚ್ಚಿ, ಒಂದನೆಯ ಸಿಲಿಂಡರಿನ ಪ್ಲಗ್ ರಂಧ್ರಕ್ಕೆ ಪಿಸ್ಟನ್ನಿಗೆ ಅಡ್ಡ ನಿಲ್ಲುವ ಪಿಸ್ಟನ್ ಸ್ಟಾಪ್ ತಿರುಗಿಸಿ ಕೂರಿಸಿ. ಹಳೆಯ ಪ್ಲಗ್ಗಿನ ಪಿಂಗಾಣಿ ತೆಗೆದು ತುದಿ ನಯಗೊಳಿಸಿದ ಬೋಲ್ಟ್ ಕೂರಿಸಿದರೂ ನಡೆಯುತ್ತದೆ. ಪುಲ್ಲಿಯನ್ನು ಕೈಯಲ್ಲೇ ಮೆಲ್ಲಗೆ ಒಂದು ದಿಕ್ಕಿಗೆ ತಿರುಗಿಸಿ, ತಡೆದ ಕಡೆ ಕ್ರ್ಯಾಂಕ್‌ಕೇಸಿನ ನಡುಗೆರೆಗೆ ನೇರವಾಗಿ ಪುಲ್ಲಿಯ ಮೇಲೆ ಗುರುತು ಹಾಕಿ. ಮತ್ತೆ ವಿರುದ್ಧ ದಿಕ್ಕಿಗೆ ತಿರುಗಿಸಿ, ತಡೆದಲ್ಲಿ ಇನ್ನೊಂದು ಗುರುತು ಹಾಕಿ. ಎರಡರ ನಟ್ಟನಡುವೆ ಇರುವುದೇ ನಿಜವಾದ ಸೊನ್ನೆ. ಸ್ಟಾರ್ಟರಿನಿಂದ ಮಾತ್ರ ತಿರುಗಿಸಬೇಡಿ, ಪಿಸ್ಟನ್ ತೂತಾದೀತು.

ಮೂವತ್ತು ಡಿಗ್ರಿಯ ಗುರುತಿಗೆ ವಿಶೇಷ ಉಪಕರಣ ಬೇಡ. ಒಂದು ಕಾಗದದ ಪಟ್ಟಿಯನ್ನು ಪುಲ್ಲಿಯ ಅಂಚಿಗೆ ಸುತ್ತಿ, ಎರಡು ತುದಿ ಕೂಡುವಲ್ಲಿ ಕತ್ತರಿಸಿ. ಅದನ್ನು ಎರಡಾಗಿ, ಮತ್ತೆ ಎರಡಾಗಿ, ಆಮೇಲೆ ಮೂರಾಗಿ ಮಡಿಸಿದರೆ ಸುತ್ತಳತೆಯ ಹನ್ನೆರಡನೆಯ ಒಂದು ಭಾಗ ಸಿಗುತ್ತದೆ, ಅದೇ 30 ಡಿಗ್ರಿ. ಕಾರಿನ ಹಿಂದೆ ನಿಂತು ನೋಡುವಾಗ ಸೊನ್ನೆಯ ಗುರುತು ಮೇಲಿದ್ದರೆ ಈ ಅಳತೆ ಅದರ ಬಲಗಡೆಗೆ ಬರಬೇಕು, ಏಕೆಂದರೆ ಪುಲ್ಲಿ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ. ಅಲ್ಲೊಂದು ತೆಳುವಾದ ಬಿಳಿ ಗೆರೆ ಎಳೆಯಿರಿ. ದಪ್ಪ ಕುಂಚದಲ್ಲಿ ಬಳಿದರೆ ಗೆರೆಯೇ ಮೂರು ಡಿಗ್ರಿ ಅಗಲವಾಗುತ್ತದೆ, ಇದನ್ನು ನಾನು ಎಷ್ಟೋ ಕಾರುಗಳಲ್ಲಿ ಕಂಡಿದ್ದೇನೆ.

ಎಂಜಿನ್ ಬಿಸಿಯಾದ ಮೇಲೆ ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಒಂದನೆಯ ಪ್ಲಗ್ಗಿನ ತಂತಿಗೆ ಹಾಕಿ, ಎಂಜಿನ್ನನ್ನು ನಿಧಾನವಾಗಿ 3500 ಆರ್‌ಪಿಎಂವರೆಗೆ ಏರಿಸಿ. ಗುರುತು ಸರಿಯುತ್ತ ಹೋಗಿ ಒಂದು ಹಂತದಲ್ಲಿ ನಿಲ್ಲುತ್ತದೆ, ತೂಕಗಳು ಕೊನೆಮುಟ್ಟಿದವು ಎಂಬುದರ ಸೂಚನೆ ಅದು. ಆ ಸ್ಥಿತಿಯಲ್ಲಿ ಬಿಳಿ ಗೆರೆ ನಡುಗೆರೆಗೆ ಕೂಡುವಂತೆ ಡಿಸ್ಟ್ರಿಬ್ಯೂಟರ್ ಇಡಬೇಕು. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಕಿಡಿ ತಡ, ವಿರುದ್ಧ ತಿರುಗಿಸಿದರೆ ಬೇಗ. ಘಾಟಿ ಹತ್ತುವ ಕಾರಿಗೆ 30ಕ್ಕಿಂತ 28 ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಐಡಲ್‌ನಲ್ಲಿ ಆಗ ಸುಮಾರು 7ರಿಂದ 10 ಡಿಗ್ರಿ ಕಾಣಬೇಕು. ಅದು 15 ಅಥವಾ ಸೊನ್ನೆ ಎಂದು ಕಂಡರೆ ತೂಕ, ಸ್ಪ್ರಿಂಗ್‌ಗಳನ್ನು ಮತ್ತೆ ನೋಡಿ. ಈ ಕೆಲಸ ಮಾಡುವಾಗ ಪಂಚೆ, ಶಾಲುಗಳು ಫ್ಯಾನ್ ಬೆಲ್ಟಿನ ಹತ್ತಿರ ಸುಳಿಯಬಾರದು.

ಕೊನೆಗೆ ಕ್ಲಿಪ್ಪನ್ನು ಮೂರನೆಯ ಸಿಲಿಂಡರಿನ ತಂತಿಗೆ ಹಾಕಿ ನೋಡಿ. ಕಿಡಿಯ ಸರದಿ 1-4-3-2 ಆದ್ದರಿಂದ ಒಂದು ಮತ್ತು ಮೂರು ಒಂದೇ ಗುರುತಿಗೆ ಬರಬೇಕು. ಹಿಂದಿನ ಕೆಲವು ಮೂಲ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಬಿಸಿ ತಗ್ಗಿಸಲೆಂದು ಮೂರನೆಯದಕ್ಕೆ ಬೇಕೆಂದೇ ಕೆಲವು ಡಿಗ್ರಿ ತಡ ಮಾಡಿದ್ದರು, ಅಂಥ ಸ್ಥಿರವಾದ ವ್ಯತ್ಯಾಸ ಕಂಡರೆ ಗಾಬರಿ ಬೇಡ.

ಪ್ರಶ್ನೆ: ಕರಾವಳಿಯಿಂದ ಮಲೆನಾಡಿಗೆ ಹತ್ತಿದಾಗ ಗಾಳಿ ತೆಳುವಾಗುವುದರಿಂದ ಟೈಮಿಂಗ್ ಬದಲಿಸಬೇಕೆ?
– ಕೊಪ್ಪದ ಓದುಗರು

ಉತ್ತರ: ಬೇಡ. ಆಗುಂಬೆಯ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ತಡಿಗಿಂತ ಸುಮಾರು ಶೇ 7ರಷ್ಟು ಕಡಿಮೆ, ಅಷ್ಟೇ. ಮಳೆಗಾಲದಲ್ಲಿ ಮಿಸ್ಸಿಂಗ್ (ಆಗಾಗ ಕಿಡಿ ತಪ್ಪುವುದು) ಬಂದರೂ ಟೈಮಿಂಗ್ ಮುಟ್ಟಬೇಡಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ ಒರೆಸಿ, ಅಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಕ್ಯಾಪ್ ಬದಲಿಸಿ.

ಪ್ರಶ್ನೆ: ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದರೆ ಟೈಮಿಂಗ್ ತಾನಾಗಿ ನಿಖರವಾಗುವುದೆ?
– ಸಾಗರದ ಓದುಗರು

ಉತ್ತರ: ಅರ್ಧ ಮಾತ್ರ ನಿಜ. ಉಜ್ಜುವ ಭಾಗವಿಲ್ಲದ್ದರಿಂದ ಒಮ್ಮೆ ಇಟ್ಟ ಟೈಮಿಂಗ್ ಸವೆತದಿಂದ ಜಾರುವುದಿಲ್ಲ, ಅದು ದೊಡ್ಡ ಲಾಭವೇ ಸರಿ. ಆದರೆ ತೂಕ, ಸ್ಪ್ರಿಂಗ್, ಬುಶ್ ಎಲ್ಲವೂ ಹಳೆಯವೇ ಆಗಿ ಉಳಿಯುತ್ತವೆ. ಸವೆದ ಶಾಫ್ಟಿನ ಮೇಲೆ ಮಾಡ್ಯೂಲ್ ಕೂರಿಸುವುದು ಹಣ ದಂಡ. ಕೊಳ್ಳುವ ಮುನ್ನ ನಿಮ್ಮ ಕಾರು 6 ವೋಲ್ಟಿನದೋ 12 ವೋಲ್ಟಿನದೋ ನೋಡಿಕೊಳ್ಳಿ, ಬೀಟಲ್‌ಗಳು 1966ರ ಮಾದರಿಯವರೆಗೆ ಸಾಮಾನ್ಯವಾಗಿ 6 ವೋಲ್ಟಿನವು. ಎಂಜಿನ್ ಓಡದಿರುವಾಗ ಇಗ್ನಿಷನ್ ಕೀ ಹಾಕಿಯೇ ಬಿಟ್ಟರೆ ಕೆಲವು ಮಾಡ್ಯೂಲ್‌ಗಳು ಸುಟ್ಟುಹೋಗುತ್ತವೆ, ಆದ್ದರಿಂದ ಬಿಚ್ಚಿದ ಪಾಯಿಂಟ್ ಮತ್ತು ಕಂಡೆನ್ಸರನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿ ಕಾರಿನಲ್ಲೇ ಇಟ್ಟುಕೊಳ್ಳಿ.