ಓದುಗರ ಪ್ರಶ್ನೆ: ದಾಳಿ ಹೊಸದು, ಬೇಡಿಕೆ ಹಳೇದು

ಪ್ರಶ್ನೆ: ಪಹಲ್ಗಾಮ್ ದಾಳಿ ಆದ ರಾತ್ರಿಯೇ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಜಗಳ ಶುರುವಾಯ್ತು. ಒಬ್ರು ಮಾರ್ಕೆಟಲ್ಲಿ ಇಂಥವರ ಅಂಗಡಿಗೆ ಹೋಗ್ಬೇಡಿ ಅಂತ ಹಾಕಿದ್ರು, ಇನ್ನೊಬ್ರು ಇದೆಲ್ಲ ಓಟಿಗೋಸ್ಕರ ಮಾಡಿಸಿದ್ದು ಅಂದ್ರು. ಸತ್ತ 26 ಜನರ ಬಗ್ಗೆ ಮಾತೇ ಇಲ್ಲ. ದಾಳಿ ಆದ ಕೂಡ್ಲೇ ಎಲ್ಲ ಪಾರ್ಟಿಯವರೂ ಅವರವರ ಹಳೇ ಅಜೆಂಡಾ ಹಿಡ್ಕೊಂಡು ಬರೋದು ಯಾಕೆ?
(ಓದುಗರು, ಕಂಕನಾಡಿ, ಮಂಗಳೂರು)

ಉತ್ತರ: ನಿಮ್ಮ ಮನೆ ಹತ್ರದ್ದೇ ಒಂದು ವಿಷಯ ತಗೊಳ್ಳುವ. 2022 ನವೆಂಬರ್ 19ಕ್ಕೆ ನಾಗುರಿ ಹತ್ರ ಆಟೋದಲ್ಲಿ ಪ್ಯಾಸೆಂಜರ್ ಹಿಡ್ಕೊಂಡಿದ್ದ ಕುಕ್ಕರ್ ಸಿಡೀತು, ಅವನಿಗೂ ಗಾಯ, ಪಾಪ ದಿನದ ಬಾಡಿಗೆಗೆ ಹೊರಟಿದ್ದ ಡ್ರೈವರಿಗೂ ಸುಟ್ಟ ಗಾಯ. ಮಾರನೇ ದಿನವೇ ಪೊಲೀಸರು ಇದು ಭಯೋತ್ಪಾದಕ ಕೃತ್ಯ ಅಂತ ಹೇಳಿದ್ರು, ಆಮೇಲೆ ಎನ್‌ಐಎ ತನಿಖೆಗೆ ತಗೊಂಡು, ಬಾಂಬ್ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಇಡ್ಲಿಕ್ಕೆ ಇದ್ದದ್ದು, ದಾರಿಯಲ್ಲೇ ಸಿಡೀತು ಅಂತ ಚಾರ್ಜ್‌ಶೀಟಲ್ಲಿ ಹೇಳಿದೆ. ಅಂದ್ರೆ ಅಪಾಯ ನಿಜವಾದದ್ದೇ, ಅದರಲ್ಲಿ ಎರಡು ಮಾತಿಲ್ಲ.

ಈಗ ಮುಂದಿನದ್ದು ನೋಡಿ. 2023 ಜನವರಿಯಲ್ಲಿ ಕದ್ರಿ ಜಾತ್ರೆಗೆ ಬ್ಯಾನರ್ ಬಿತ್ತು, ಕುಕ್ಕರ್ ಬಾಂಬಿನ ಹೆಸರು ಹೇಳಿ ಇಲ್ಲಿ ಹಿಂದೂ ವ್ಯಾಪಾರಿಗಳಿಗೆ ಮಾತ್ರ ಅವಕಾಶ ಅಂತ. ಓದಿದವರಿಗೆ ಬಾಂಬ್ ಆದ್ದರಿಂದ ಈ ಬಹಿಷ್ಕಾರ ಅಂತ ಅನಿಸ್ತದೆ. ಆದ್ರೆ ಇದೇ ಬೇಡಿಕೆ ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆ ಸಮಯದಲ್ಲೇ, ಅಂದ್ರೆ 2022 ಮಾರ್ಚಲ್ಲೇ ಬಂದಿತ್ತು, ಆಗ ಕೊಟ್ಟ ಕಾರಣ ಹಿಜಾಬ್ ತೀರ್ಪಿನ ವಿರುದ್ಧ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಬಂದ್ ಮಾಡಿದ್ರು ಅನ್ನೋದು. ಕುಕ್ಕರ್ ಸಿಡೀಲಿಕ್ಕೆ ಇನ್ನೂ ಎಂಟು ತಿಂಗಳು ಇತ್ತು. ಬೇಡಿಕೆ ಅದೇ, ಕಾರಣ ಮಾತ್ರ ಬದಲಾಯ್ತು. ಜಾತ್ರೆಯಿಂದ ಜಾತ್ರೆಗೆ ಬಳೆ, ಆಟದ ಸಾಮಾನು, ಚರುಮುರಿ ಮಾರ್ಕೊಂಡು ಹೋಗುವವರ ಹೊಟ್ಟೆ ಮೇಲೆ ಇದು ಬಿತ್ತು, ಅವರಿಗೂ ಆ ಕುಕ್ಕರಿಗೂ ಎಂತ ಸಂಬಂಧ?

ಆಚೆ ಕಡೆಯದ್ದೂ ಹೇಳ್ಬೇಕು. 2022 ಡಿಸೆಂಬರಲ್ಲಿ, ಆಗ ಕೆಪಿಸಿಸಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್, ತನಿಖೆ ಮಾಡದೆ ಇಷ್ಟು ಬೇಗ ಭಯೋತ್ಪಾದನೆ ಅಂತ ಹೇಗೆ ಹೇಳಿದ್ರಿ, ಇದು ವೋಟರ್ ಡೇಟಾ ಹಗರಣದಿಂದ (ಮತದಾರರ ಮಾಹಿತಿ ಕದ್ದರು ಅನ್ನುವ ಆರೋಪ) ಜನರ ಗಮನ ಬೇರೆ ಕಡೆ ತಿರುಗಿಸ್ಲಿಕ್ಕೆ ಅನ್ನುವ ಅರ್ಥದಲ್ಲಿ ಮಾತಾಡಿದ್ರು. ಆ ಹಗರಣದ ಆರೋಪ ಸ್ಫೋಟಕ್ಕಿಂತ ಮೊದ್ಲೇ ಅವರ ಪಾರ್ಟಿ ಕೈಯಲ್ಲಿತ್ತು, ಸ್ಫೋಟವನ್ನೂ ಅದಕ್ಕೇ ತಂದು ಜೋಡಿಸಿದ್ರು. ಎರಡೂ ಒಂದೇ ತೂಕದ್ದು ಅಂತ ನಾನು ಹೇಳೋದಿಲ್ಲ, ಒಂದರಿಂದ ಬಡವರ ದುಡಿಮೆ ಹೋಯ್ತು, ಇನ್ನೊಂದು ಬರೀ ಮಾತು, ಆದ್ರೆ ಮಾಡಿದ ಕೆಲಸ ಒಂದೇ ಜಾತಿಯದ್ದು. 2023ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಎಲೆಕ್ಷನ್ ಇತ್ತು ಅನ್ನೋದನ್ನೂ ಮರೀಬೇಡಿ.

ಯಾಕೆ ಹೀಗೆ ಅಂದ್ರೆ, ದಾಳಿ ಆದ ವಾರ ಜನರಿಗೆ ಹೆದರಿಕೆ ಇರ್ತದೆ, ಏನಾದ್ರೂ ಮಾಡಿ ಮಾರಾಯ್ರೆ ಅಂತ ಸರ್ಕಾರವನ್ನ ಕೇಳ್ತಾರೆ, ಆಗ ಯಾರ ಹತ್ರ ಮೊದ್ಲೇ ಬರೆದಿಟ್ಟ ಕಾಗದ ಉಂಟೋ ಅವರೇ ಗೆಲ್ಲೋದು. ಭಯೋತ್ಪಾದನೆ ತಡೀಲಿಕ್ಕೆ ಅಂತ ತಂದ ಅಮೆರಿಕದ ಪೇಟ್ರಿಯಾಟ್ ಆ್ಯಕ್ಟ್ ಅಂತ ಉಂಟಲ್ಲ, 2001 ಸೆಪ್ಟೆಂಬರ್ 11ರ ದಾಳಿ ಆಗಿ 45 ದಿನಕ್ಕೆ ಸಹಿ ಆಯ್ತು, ಮುನ್ನೂರು ಪುಟಕ್ಕಿಂತ ದೊಡ್ಡ ಕಾನೂನು, ಸೆನೆಟಲ್ಲಿ 98 ಓಟು ಪರ, ಒಂದೇ ಒಂದು ವಿರುದ್ಧ. ಅದರಲ್ಲಿದ್ದ ಫೋನ್ ಕದ್ದು ಕೇಳುವ ಅಧಿಕಾರದಂಥದ್ದನ್ನ 1995ರ ಒಕ್ಲಹೋಮಾ ಸ್ಫೋಟದ ನಂತರವೇ ಸರ್ಕಾರ ಕೇಳಿತ್ತು, ಆಗ ಸಂಸತ್ತು ಕೊಟ್ಟಿರ್ಲಿಲ್ಲ. ಮನೆಯವರಿಗೆ ಗೊತ್ತಾಗದ ಹಾಗೆ ಹುಡುಕುವ ವಾರಂಟಿಗೂ ಆ ಕಾನೂನಲ್ಲಿ ಜಾಗ ಸಿಕ್ತು, ಆಮೇಲೆ ಅದು ಜಾಸ್ತಿ ಬಳಕೆ ಆದದ್ದು ಡ್ರಗ್ಸ್ ಕೇಸಿಗೆ. ಇರಾಕನ್ನ ಆಳ್ತಿದ್ದ ಸದ್ದಾಂನನ್ನ ಇಳಿಸ್ಬೇಕು ಅನ್ನೋದು 1998ರಲ್ಲೇ ಅಲ್ಲಿಯ ಕಾನೂನಲ್ಲಿ ಬರೆದಿತ್ತು, 2003ರಲ್ಲಿ ಯುದ್ಧವೇ ಆಯ್ತು, 9/11 ದಾಳಿಗೂ ಇರಾಕಿಗೂ ಸಂಬಂಧ ಇದ್ದದ್ದಕ್ಕೆ ಪುರಾವೆ ಸಿಗ್ಲೇ ಇಲ್ಲ. ಅಲಾಸ್ಕದ ವನ್ಯಜೀವಿ ಧಾಮದಲ್ಲಿ ಎಣ್ಣೆ ತೋಡ್ಬೇಕು ಅಂತ ವರ್ಷಗಟ್ಟಲೆ ಕೇಳ್ತಿದ್ದವರೂ ಆಗ ದೇಶದ ಭದ್ರತೆಗೋಸ್ಕರ ಅಂತ ಹೇಳ್ಲಿಕ್ಕೆ ಶುರು ಮಾಡಿದ್ರು!

ಪ್ರಶ್ನೆ: ಹಾಗಾದ್ರೆ ದಾಳಿ ಆದ್ಮೇಲೆ ಯಾರು ಏನು ಕೇಳಿದ್ರೂ ಡೌಟ್ ಮಾಡ್ಬೇಕಾ? ಹಳೇ ಬೇಡಿಕೆ ಅಂದ ಮಾತ್ರಕ್ಕೆ ತಪ್ಪಾ?
(ಓದುಗರು, ಮಲ್ಪೆ)

ಉತ್ತರ: ಇಲ್ಲ ಇಲ್ಲ, ನಿಮ್ಮ ಊರೇ ಇದಕ್ಕೆ ಒಳ್ಳೆ ಉದಾಹರಣೆ. ಕರಾವಳಿ ಕಾವಲಿನ ಸ್ಕೀಮ್ 2005ರಲ್ಲೇ ಬಂದಿತ್ತು, ಕೆಲಸ ಮಾತ್ರ ಆಮೆ ನಡಿಗೆಯಲ್ಲಿತ್ತು. 2008ರಲ್ಲಿ ಹತ್ತು ಜನ ಮೀನುಗಾರಿಕೆ ಬೋಟು ಹಿಡಿದು ಸಮುದ್ರದಿಂದಲೇ ಮುಂಬೈಗೆ ಇಳಿದ ಮೇಲೆ ಅದಕ್ಕೆ ವೇಗ ಬಂತು, ಬೋಟಿಗೆ ರಿಜಿಸ್ಟ್ರೇಷನ್ನು, ಮೀನುಗಾರರಿಗೆ ಐಡಿ ಕಾರ್ಡು. ಬಂದರಲ್ಲಿ ಕಡಲಿಗೆ ಹೋಗುವಾಗ ಕಾರ್ಡ್ ತೋರಿಸೋದು ಕಿರಿಕಿರಿಯೇ, ಆದ್ರೂ ಬಾಗಿಲು ಎಲ್ಲಿ ತೆರೆದಿತ್ತೋ ಅಲ್ಲೇ ಚಿಲಕ ಹಾಕಿದ್ದು. ನಾನು ನೋಡೋದು ಇಷ್ಟೇ, ಕೇಳ್ತಿರುವ ವಿಷಯ ಆಗ ಇದ್ದಿದ್ರೆ ಈ ದಾಳಿ ತಡೀತಿತ್ತಾ, ಮತ್ತೆ ಅದರ ಪೆಟ್ಟು ಯಾರ ಮೇಲೆ ಬೀಳ್ತದೆ. ಜಾತ್ರೆಯಲ್ಲಿ ಬಳೆ ಮಾರುವವನನ್ನ ಓಡಿಸಿದ್ರೆ ಯಾವ ಕುಕ್ಕರೂ ನಿಲ್ಲೋದಿಲ್ಲ.

ಭಯೋತ್ಪಾದನೆ ತಡೀಲಿಕ್ಕೆ ಅಂತ ನಮ್ಮಲ್ಲಿ ತಂದ ಪೋಟಾ ಕಾನೂನಿನ ಕಥೆ ಇದಕ್ಕೆ ಉಲ್ಟಾ. ಅದಕ್ಕಿಂತ ಮೊದ್ಲಿದ್ದ ಅಂಥದ್ದೇ ಕಾನೂನು ಟಾಡಾ 1995ರಲ್ಲಿ ಮುಗಿದಾಗಿಂದ ಅಂಥದ್ದೇ ಇನ್ನೊಂದು ಬೇಕು ಅಂತ ಕೇಳ್ತಿದ್ರು, ಅಮೆರಿಕದ ದಾಳಿ ಆದ ಮರು ತಿಂಗಳೇ ಸುಗ್ರೀವಾಜ್ಞೆ ಬಂತು, ಡಿಸೆಂಬರಲ್ಲಿ ನಮ್ಮ ಪಾರ್ಲಿಮೆಂಟ್ ಮೇಲೆ ದಾಳಿ ಆಯ್ತು, 2002 ಮಾರ್ಚಲ್ಲಿ ಜಂಟಿ ಅಧಿವೇಶನ ಕರೆದು ಪಾಸ್ ಮಾಡಿದ್ರು. ಸಂಸತ್ತಲ್ಲಿ ಅದಕ್ಕೆ ಬೆಂಬಲ ಕೊಟ್ಟ ತಮಿಳುನಾಡಿನ ರಾಜಕಾರಣಿ ವೈಕೋ ಅವರನ್ನೇ ಅದೇ ಜುಲೈಯಲ್ಲಿ ಶ್ರೀಲಂಕಾದ ಎಲ್‌ಟಿಟಿಇ ಪರ ಭಾಷಣ ಮಾಡಿದ್ದಕ್ಕೆ ಪೋಟಾದಡಿ ಹಿಡಿದ್ರು, ವರ್ಷಕ್ಕೂ ಜಾಸ್ತಿ ಜೈಲಲ್ಲಿದ್ರು. ಬಾಂಬ್ ಇಟ್ಟವರಿಗೆ ಅಂತ ತಂದದ್ದು ಭಾಷಣ ಮಾಡಿದವರಿಗೆ ಬಿತ್ತು.

ಬೇರೆ ದಾರಿಯೂ ಉಂಟು. 2011ರಲ್ಲಿ ನಾರ್ವೆಯಲ್ಲಿ ಒಬ್ಬನೇ 77 ಜನರನ್ನ ಕೊಂದ, ಅದರಲ್ಲಿ ಹೆಚ್ಚಿನವರು ಆಳುವ ಪಕ್ಷದ ಕ್ಯಾಂಪಿಗೆ ಬಂದ ಮಕ್ಕಳೇ. ತನ್ನ ಪಕ್ಷದ ಮಕ್ಕಳನ್ನ ಕಳ್ಕೊಂಡ ಪ್ರಧಾನಿ ಸ್ಟೋಲ್ಟೆನ್‌ಬರ್ಗ್ ಹೇಳಿದ್ದು ಇನ್ನೂ ಹೆಚ್ಚು ಪ್ರಜಾಪ್ರಭುತ್ವ, ಇನ್ನೂ ಹೆಚ್ಚು ಮುಕ್ತತೆ ಅಂತ. ಅಂಥ ಹೊತ್ತಲ್ಲಿ ಹಾಗೆ ಮಾತಾಡ್ಲಿಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಯೋಚನೆ ಮಾಡಿ.

ಪ್ರಶ್ನೆ: ಎಲೆಕ್ಷನ್ ಹೊತ್ತಿಗೆ ದಾಳಿ ಆದ್ರೆ ಅದನ್ನ ಜೋರಾಗಿ ಹೇಳಿದವರಿಗೆ ಲಾಭ ಅಂತಾರೆ, ಹೌದಾ?
(ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಯಾವಾಗ್ಲೂ ಅಲ್ಲಮ್ಮ. 2004 ಮಾರ್ಚ್ 11ಕ್ಕೆ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸಿಡೀತು, ಮೂರೇ ದಿನಕ್ಕೆ ಓಟು. ಅಲ್ಲಿಯ ಸರ್ಕಾರ ತಾನು ವರ್ಷಗಳಿಂದ ಬೈತಿದ್ದ, ಬಾಸ್ಕ್ ಪ್ರತ್ಯೇಕತಾವಾದಿಗಳ ಇಟಿಎ ಸಂಘಟನೆಯೇ ಮಾಡಿದ್ದು ಅಂತ ಹಠ ಹಿಡೀತು, ಸಾಕ್ಷಿ ಎಲ್ಲ ಬೇರೆ ಕಡೆ ತೋರಿಸ್ತಿತ್ತು, ಜನ ಬೀದಿಗೆ ಬಂದು ನಿಜ ಹೇಳಿ ಅಂದ್ರು, ಓಟಲ್ಲಿ ಸರ್ಕಾರ ಬಿತ್ತು. ನಮ್ಮಲ್ಲೂ 2008 ನವೆಂಬರ್ 29ಕ್ಕೆ ಡೆಲ್ಲಿ ಓಟು, ಮುಂಬೈ ದಾಳಿಯಲ್ಲಿ ತಾಜ್ ಹೋಟೆಲಿನ ಕಾರ್ಯಾಚರಣೆ ಮುಗಿದದ್ದೂ ಅದೇ ಬೆಳಿಗ್ಗೆ. ಹಿಂದಿನ ದಿನದ ಪೇಪರಲ್ಲಿ ಬಿಜೆಪಿ ಭಯೋತ್ಪಾದನೆ ಬಗ್ಗೆಯೇ ದೊಡ್ಡ ಜಾಹೀರಾತು ಕೊಟ್ಟಿತ್ತು. ಆದ್ರೂ ಕಾಂಗ್ರೆಸ್ಸಿನ ಶೀಲಾ ದೀಕ್ಷಿತ್ ಮೂರನೇ ಸಲ ಗೆದ್ರು.