ಇಸಿಜಿ ನಾರ್ಮಲ್ ಬಂತು ಅಂತ ಮನೆಗೆ ಕಳಿಸಬೇಡಿ

ಕಾರ್ಕಳದ ಕಡೆ ಹೊಸತಾಗಿ ಕ್ಲಿನಿಕ್ ಇಟ್ಟ ಡಾಕ್ಟ್ರೇ, 58 ವರ್ಷದ ಸಕ್ಕರೆ ಕಾಯಿಲೆಯವರು ಎದೆಯುರಿ, ಬೆವರು ಅಂತ ಬಂದರು, ಇಸಿಜಿ ನಾರ್ಮಲ್, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ. ಮೊದಲ ಇಸಿಜಿ ಸರಿ ಇದ್ದೂ ಹಾರ್ಟ್ ಅಟ್ಯಾಕ್ ಇರುವುದುಂಟು, ಸಕ್ಕರೆ ಇದ್ದವರಿಗೆ ನೋವೇ ಸರಿಯಾಗಿ ಗೊತ್ತಾಗುವುದಿಲ್ಲ. ಲಕ್ಷಣ ಮುಂದುವರಿದರೆ 15-30 ನಿಮಿಷದಲ್ಲಿ ಇನ್ನೊಂದು ಇಸಿಜಿ ತೆಗೆಯಿರಿ. ಆದರೆ ಅದಕ್ಕಾಗಲೀ, ಹೃದಯಕ್ಕೆ ಪೆಟ್ಟಾದದ್ದನ್ನು ತೋರಿಸುವ ರಕ್ತಪರೀಕ್ಷೆ ಟ್ರೊಪೋನಿನ್‌ಗಾಗಲೀ ಆಂಬುಲೆನ್ಸನ್ನು ಕಾಯಿಸಬೇಡಿ. ಶುರುವಿನ ಗಂಟೆಗಳಲ್ಲಿ ಟ್ರೊಪೋನಿನ್ ಕೂಡ ನೆಗೆಟಿವ್ ಬರಬಹುದು.

ನಮ್ಮೂರಲ್ಲಿ ಎದೆ ಹಿಂಡಿದರೆ ಮೊದಲು ಪುನರ್ಪುಳಿ ಶರಬತ್ತು, ಆಮೇಲೆ ಜೀರಿಗೆ ಕಷಾಯ, ಕೊನೆಗೆ ನಾವು! ಹಾಗಾಗಿ ನೋವು ಎಷ್ಟು ಗಂಟೆಗೆ ಶುರುವಾಯ್ತು ಅಂತ ಮನೆಯವರನ್ನೂ ಕೇಳಿ ಚೀಟಿಯಲ್ಲಿ ಬರೆಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 12 ಗಂಟೆಯೊಳಗೆ, ಬೇಗ ಕೊಟ್ಟಷ್ಟೂ ಲಾಭ.

ಅಲರ್ಜಿ, ರಕ್ತಸ್ರಾವ ಇಲ್ಲದಿದ್ದರೆ ಆಸ್ಪಿರಿನ್ 300 ಮಿಲಿಗ್ರಾಂ ಜಗಿಸಿ. ಬೆನ್ನು ಸೀಳಿದ ಹಾಗೆ ನೋವು ಅಂದರೆ ಮಾತ್ರ ಆಸ್ಪಿರಿನ್ ಕೊಡದೆ ಕೈ ತಡೆಯಿರಿ, ಎರಡೂ ಕೈಯ ಬಿಪಿ ನೋಡಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಧಮನಿ, ಸೀಳಿರಬಹುದು. ನಾಲಿಗೆ ಕೆಳಗಿಡುವ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯ ವಿಷಯದಲ್ಲಿ ನನಗೆ ಸ್ವಲ್ಪ ಹೆದರಿಕೆಯೇ: ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದರೆ, ವಯಾಗ್ರದಂಥ ಮಾತ್ರೆ ನುಂಗಿದ್ದರೆ ಬೇಡ. ನಾಚಿಕೆ ಬಿಟ್ಟು ಕೇಳಬೇಕು, ಅವರಾಗಿ ಹೇಳುವುದಿಲ್ಲ.

"ಬಸ್ಸಲ್ಲಿ ಮಣಿಪಾಲಕ್ಕೆ ಹೋಗ್ತೇನೆ" ಅಂದರೆ ಒಪ್ಪಬೇಡಿ, 108 ಕರೆಯಿರಿ, ಅಲ್ಲಿನ ಕ್ಯಾಶುವಲ್ಟಿಗೆ ಮೊದಲೇ ಫೋನ್ ಮಾಡಿ. ಆ ಮನುಷ್ಯ ಆಗಲೇ ಮನೆಗೆ ಹೋಗಿದ್ದರೆ, ಇದನ್ನು ಓದುವುದು ಬಿಟ್ಟು ಈಗಲೇ ಅವರಿಗೆ ಫೋನ್ ಮಾಡಿ.